ಕೂತೇ ಮಲಗುತ್ತಿದ್ದ ಅಣ್ಣ

ಶ್ರಾವಣ ಸೋಮವಾರ ಬಂತೆಂದರೆ ನಮ್ಮ ಕಟ್ಟಡದ ಮನೆಮನೆಯಿಂದಲೂ ಶೇಂಗಾ ಹುರಿಯುವ ವಾಸನೆ ಏಳುತ್ತದೆ. ಉಪವಾಸದ ಸಬ್ಬಕ್ಕಿ ಖಿಚಡಿಗೆ ಶೇಂಗಾಪುಡಿ ಬೇಕಲ್ಲ. ಹೋದ ಸೋಮವಾರ ಸೊಸೆ ಬಾಣಲೆಯಲ್ಲಿ ಕೈಯಾಡಿಸುತ್ತಿದ್ದಳು. ಪೂಜೆಗೆ ಕೂತಿದ್ದ ನಾನು ಕಣ್ಣು ತೆರೆದುಬಿಟ್ಟೆ. ಐವತ್ತು ವರ್ಷಕ್ಕೂ ಹಿಂದೆ, ನಾಸಿಕದ ಪಂಚವಟಿಯಲ್ಲಿ, ಇದೇ ವಾಸನೆ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದವನು ಕಣ್ಣ ಮುಂದೆ ಬಂದ...

ಆಗ ನಾನು ಬೀದರ ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದೆ. ಯಜಮಾನರಿಗೆ ನಾಸಿಕದಲ್ಲಿ ಸರಕಾರಿ ನೌಕರಿ. ನಡುವೆ ಅಂಗಳ, ಸುತ್ತ ಏಳೆಂಟು ಸಂಸಾರ ಇದ್ದ ಹಳೆಯ ವಾಡೆಯಲ್ಲಿ ನಮಗೆ ಎರಡು ಖೋಲಿ ಸಿಕ್ಕಿತ್ತು. ಸುತ್ತಲೂ ಮರಾಠಿ, ನನಗೆ ಒಂದು ಮಾತೂ ಬಾರದು. ಆದರೆ ಪಕ್ಕದ ಖೋಲಿಯಲ್ಲಿದ್ದ ವಿಧವೆ ನಮ್ಮ ಕಡೆಯವರೇ, ಲಿಂಗವಂತರೇ. ಅಷ್ಟರಮಟ್ಟಿಗೆ ಶಿವ ನನ್ನ ಕೈ ಬಿಟ್ಟಿರಲಿಲ್ಲ. ಎಲ್ಲರಂತೆ ನಾನೂ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದೆ. ಅವರಿಗೆ ಒಬ್ಬನೇ ಮಗ, ಮೂವತ್ತರ ಆಸುಪಾಸು. ತವರಿನಲ್ಲಿ ನನಗೆ ಅಣ್ಣತಮ್ಮಂದಿರಿರಲಿಲ್ಲ. ಅವನನ್ನೇ ಅಣ್ಣ ಎಂದೆ. ಅವನು ನನ್ನನ್ನು ವೈನಿ, ಅತ್ತಿಗೆ, ಎನ್ನುತ್ತಿದ್ದ.

ಅಣ್ಣನ ಎತ್ತರ ನನ್ನ ಭುಜದಷ್ಟು. ಮೈ ಮಾತ್ರ ಬಾಗಿಲು ತುಂಬುವಷ್ಟು. ಆ ಮೈಗೆ ಹತ್ತು ವರ್ಷದ ಮಗುವಿನಂಥ ಪುಟ್ಟ ಕೈ, ಪುಟ್ಟ ಪಾದ. ಹುಟ್ಟಿದಾಗ ಮೊಲೆ ಚೀಪುವ ಶಕ್ತಿಯೂ ಇರಲಿಲ್ಲವಂತೆ. ಕಾಕೂ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತೊಟ್ಟುತೊಟ್ಟಾಗಿ ಹಿಂಡಿ ಉಳಿಸಿಕೊಂಡಿದ್ದರು. ನಾಲ್ಕನೆಯ ವರ್ಷಕ್ಕೆ ಹಸಿವು ಶುರುವಾಯಿತು. ಆಮೇಲೆ ಅದು ನಿಲ್ಲಲೇ ಇಲ್ಲ. ಹೊಟ್ಟೆ ತುಂಬಿತು ಎಂಬ ಮಾತು ಆ ಜೀವಕ್ಕೆ ಗೊತ್ತೇ ಇರಲಿಲ್ಲ. ಕಾಕೂ ಅಡಿಗೆಮನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ನಳದ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು. ಕಾಕೂ ಬಂಗಾರ ಹೊರಗೆ ಬಿಟ್ಟು ಜೋಳದ ಭಾಕ್ರಿಗೆ ಕೀಲಿ ಹಾಕುತ್ತಾಳೆ, ತಾನೇ ತಿನ್ನಿಸಿ ತಿನ್ನಿಸಿ ಕೆಡಿಸಿದ್ದು ಎನ್ನುತ್ತಿದ್ದರು. ಕಾಕೂ ಕೊಡ ತುಂಬಿಸಿಕೊಂಡು ಬರುತ್ತಿದ್ದರು.

ಅಣ್ಣನ ಮೂಗು ಬಹಳ ಚುರುಕು. ಅಂಗಳದಲ್ಲಿ ಕೂತೇ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಹೇಳುತ್ತಿದ್ದ. ಒಮ್ಮೆ ನಾನು ಒಲೆಯ ಮುಂದೆ ತವರಿನ ನೆನಪಿನಲ್ಲಿ ಮೈಮರೆತಿದ್ದೆ.

“ವೈನಿ, ನಿಮ್ಮ ಶೇಂಗಾ ಒಂದು ಕಡಿ ಹೊತ್ಲಾಕತ್ಯಾವ ನೋಡ್ರಿ” ಎಂದ ಹೊರಗಿನಿಂದ. “ಹೊತ್ತಿದ್ದು ನನಗ ಕೊಡ್ರಿ, ಛಲೋ ಇದ್ದದ್ದು ಸಾಹೇಬ್ರಿಗಿ ಇಡ್ರಿ.”

ನಾಸಿಕಕ್ಕೆ ಬಂದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ನನ್ನ ಪೂಜೆಗೆ ಬಿಲ್ವಪತ್ರೆ ಆರಿಸಿ ಕೊಡುತ್ತಿದ್ದವನೂ ಅವನೇ. ತೂತು ಬಿದ್ದಿದ್ದು, ಮೂರರಲ್ಲಿ ಒಂದು ಎಲೆ ಮುರಿದಿದ್ದು, ಹಣ್ಣಾಗಿದ್ದು ಎಲ್ಲ ಬೇರೆ. ಲಿಂಗಕ್ಕೆ ಸಲ್ಲುವುದು ಬೇರೆ. ಆ ಪುಟ್ಟ ಬೆರಳುಗಳು ಒಂದು ಸಲವೂ ತಪ್ಪುತ್ತಿರಲಿಲ್ಲ. ಆರಿಸುತ್ತಾ ಆರಿಸುತ್ತಾ ಎಲೆ ಕೈಯಲ್ಲಿರುವಾಗಲೇ ತೂಕಡಿಕೆ. ಮಾತಿನ ನಡುವೆಯೇ ಗೊರಕೆ. ವಾಡೆಯವರು ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಅದು ಸೋಮಾರಿತನವಲ್ಲ, ಮಲಗಿದಾಗ ಉಸಿರು ಸಾಲದೆ ಅವನಿಗೆ ಸರಿಯಾದ ನಿದ್ದೆಯೇ ಆಗುತ್ತಿರಲಿಲ್ಲ ಎಂದು ಯಾರಿಗೆ ಗೊತ್ತಿತ್ತು...

ಗೊರಕೆ ಗೋಡೆಯಾಚೆಗೂ ಕೇಳುತ್ತಿತ್ತು. ಏರಿ ಏರಿ ಒಮ್ಮೆಲೇ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನೀರಿನಿಂದ ತಲೆ ಎತ್ತಿದವನ ಹಾಗೆ ಉಸಿರೆಳೆದುಕೊಳ್ಳುತ್ತಿದ್ದ. ಕಾಕೂ ಒಮ್ಮೆ ಅವನನ್ನು ಬಸ್ಸಿನಲ್ಲಿ ಔರಂಗಾಬಾದಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಈಗ ನಾನು ಮಗನ ಜೊತೆ ಇರುವುದು ಅದೇ ಊರಲ್ಲಿ. ಹೆಸರು ಸಂಭಾಜಿನಗರ ಆಗಿದೆ, ನನ್ನ ನಾಲಿಗೆ ಇನ್ನೂ ಹಳೆಯದನ್ನೇ ಹೇಳುತ್ತದೆ. ರೋಗ ಯಾವುದೆಂದು ಆ ಡಾಕ್ಟರಿಗೂ ತಿಳಿಯಲಿಲ್ಲ. ಆದರೆ ಇವನ ಮೈಭಾರವನ್ನು ಇವನ ಎದೆಯೇ ತಡೆಯುತ್ತಿಲ್ಲ, ಯಾವತ್ತೂ ಅಡ್ಡ ಮಲಗಿಸಬೇಡಿ ಎಂದಿದ್ದರಂತೆ. ಅಂದಿನಿಂದ ಕಾಕೂ ಎರಡು ಗಾದಿ ಸುತ್ತಿ ಗೋಡೆಗೆ ಒಟ್ಟಿ, ಅದಕ್ಕೆ ಒರಗಿಸಿ ಕೂರಿಸಿಯೇ ಮಲಗಿಸುತ್ತಿದ್ದರು.

ನಮ್ಮ ಜೊತೆಗೇ ಇದ್ದ ಅತ್ತೆಗೆ ಇದು ಸರಿಬರುತ್ತಿರಲಿಲ್ಲ. ಸತ್ತವರನ್ನು ನಮ್ಮಲ್ಲಿ ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಮಣ್ಣಿನಲ್ಲೂ ಕೂತಂತೆಯೇ ಇಡುತ್ತಾರೆ. ಗೋಡೆಗೆ ಒರಗಿ ಕಣ್ಣು ಮುಚ್ಚಿದ ಅಣ್ಣನನ್ನು ನೋಡಿದಾಗಲೆಲ್ಲ ಅತ್ತೆ ಮುಖ ತಿರುಗಿಸುತ್ತಿದ್ದರು.

“ನಮ್ಮವ್ರು ಉಸಿರು ಹೋದಮ್ಯಾಲ ಹಂಗ ಕೂಡ್ತಾರ” ಎಂದರು ನನಗೆ. “ಜೀವ ಇದ್ದಾವ ದಿನಾ ಹಂಗ ಕೂತ್ರ ಯಮಗ ಜಾಗಾ ತೋರಿಸ್ದಂಗ.”

ನನಗೂ ಹಾಗೆಯೇ ಅನ್ನಿಸುತ್ತಿತ್ತು. ತವರಿನಲ್ಲಿ ಅಜ್ಜನನ್ನು ಹಾಗೆ ಕೂರಿಸಿದ್ದನ್ನು ನೋಡಿದ್ದೆನಲ್ಲ.

ಆ ವರ್ಷ ಶ್ರಾವಣದ ಒಂದು ಸೋಮವಾರ ಕಾಕೂ ತ್ರ್ಯಂಬಕೇಶ್ವರಕ್ಕೆ ಹೊರಟರು. ಮಗನ ಉಸಿರಿಗಾಗಿ ಹರಕೆ. ಶ್ರಾವಣದ ಆ ನೂಕುನುಗ್ಗಲಿನಲ್ಲಿ ಅವನಿಗೆ ಬರಲಾಗದು. ಬೆಳಿಗ್ಗೆ ಅವನನ್ನು ನಮ್ಮ ಖೋಲಿಗೆ ತಂದು, ಗಾದಿ ಸುತ್ತಿಟ್ಟು ಕೂರಿಸಿ, ಹೊಸ್ತಿಲು ದಾಟುವ ಮೊದಲು ನನ್ನ ಕೈ ಹಿಡಿದರು.

“ಅಡ್ಡ ಮಾತ್ರ ಮಲಗಸಬ್ಯಾಡ, ತಂಗಿ. ಸಂಜಿ ಬಸ್ಸಿಗಿ ಬರ್ತೀನಿ.”

“ಇಲ್ರಿ ಕಾಕೂ, ನೀವು ಶಾಂತ ಹೋಗಿ ಬರ್ರಿ” ಎಂದೆ.

ಮಧ್ಯಾಹ್ನದವರೆಗೆ ಚೆನ್ನಾಗಿಯೇ ಇದ್ದ. ಪತ್ರೆ ಆರಿಸಿದ. ಕಾಕೂ ಕಟ್ಟಿಟ್ಟಿದ್ದ ಒಂದೂವರೆ ಭಾಕ್ರಿ ತಿಂದು, ಇನ್ನರ್ಧಕ್ಕೆ ಅತ್ತು, ಅಳುತ್ತಲೇ ನಿದ್ದೆ ಹೋದ. ತಲೆ ಎದೆಯ ಮೇಲೆ ಬಿದ್ದಿತ್ತು. ತುಟಿ ಕಪ್ಪಿಟ್ಟಿತ್ತು, ಗೊರಕೆ ಕಿತ್ತುಕಿತ್ತು ಬರುತ್ತಿತ್ತು. ಅವತ್ತು ಸೋಮವಾರ ಬೇರೆ. ನಮ್ಮ ಮನೆಯಲ್ಲಿ ಹಾಗೆ ಕೂತದ್ದನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲ, ಸ್ವಲ್ಪ ಹೊತ್ತಾದರೂ ಮನುಷ್ಯರ ಹಾಗೆ ಮಲಗಲಿ ಎಂದರು. ತಪ್ಪನ್ನು ಅತ್ತೆಯ ಮೇಲೆ ಹಾಕಲಾರೆ. ಹೇಳಿದ್ದು ಅವರು, ಮಾಡಿದ್ದು ನನ್ನ ಕೈ. ಕೌದಿ ಹಾಸಿ, ಭುಜ ಹಿಡಿದು, ಅಣ್ಣಾ ಸ್ವಲ್ಪ ಮಲಗು ಎಂದೆ. ಅರೆನಿದ್ದೆಯಲ್ಲಿ ಅವನು ಹೂಂ ಎಂದು, ನನ್ನ ಮಾತು ಕೇಳಿ ಅಂಗಾತ ಮಲಗಿದ.

ಕೆಲವು ಸಲ ಜೋರಾಗಿ ಗೊರಕೆ ಬಂತು. ಆಮೇಲೆ ನಿಂತಿತು. ಒಳ್ಳೆಯ ನಿದ್ದೆ ಹತ್ತಿತು ಎಂದುಕೊಂಡೆ. ನಾನು ಪೂಜೆಗೆ ಕೂತೆ. ಅಂಥ ನಿಶ್ಶಬ್ದವಾದ ಪೂಜೆ ಆ ವಾಡೆಯಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ. ಕೈಯಲ್ಲಿದ್ದ ಲಿಂಗಕ್ಕೆ ಅವನೇ ಆರಿಸಿದ ಪತ್ರೆ ಏರಿಸಿ, ಆ ಜೀವಕ್ಕೆ ಇಷ್ಟಾದರೂ ನೆಮ್ಮದಿ ಕೊಟ್ಟೆಯಲ್ಲ ತಂದೆ ಎಂದು ಕಣ್ಣು ತುಂಬಿಕೊಂಡೆ.

ಪೂಜೆ ಮುಗಿಸಿ ಪ್ರಸಾದ ಕೊಡಲು ಹೋದೆ. ಎದೆ ಏಳುತ್ತಿರಲಿಲ್ಲ...

ಕೂರಿಸಿದರೆ ಉಸಿರು ಮರಳೀತು ಎಂದು ನಾನೂ ಅತ್ತೆಯೂ ಹೇಗೆ ಎಳೆದೆವೋ, ಎಲ್ಲಿಂದ ಬಲ ಬಂತೋ ಕಾಣೆ. ಗೋಡೆಗೆ ಒರಗಿಸಿದೆವು. ಬೆನ್ನು ತಿಕ್ಕಿದೆ, ಮುಖಕ್ಕೆ ನೀರು ಹೊಡೆದೆ. ಓಣಿಯ ಡಾಕ್ಟರು ಬಂದು ನಾಡಿ ನೋಡಿ ತಲೆಯಾಡಿಸಿದರು. ಹೇಗಾಯಿತು ಎಂದು ಅವರು ಕೇಳಿದಾಗ ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು. ಕೂತಲ್ಲೇ ಹೋದ ಎಂದರು. ನಾನು ನೆಲದ ಮೇಲಿದ್ದ ಕೌದಿಯನ್ನು ಮಡಚಿಟ್ಟೆ.

ಸಂಜೆಯ ಬಸ್ಸಿಗೆ ಕಾಕೂ ಬಂದರು, ಕೈಯಲ್ಲಿ ತ್ರ್ಯಂಬಕದ ವಿಭೂತಿಯ ಪೊಟ್ಟಣ. ಅಂಗಳದಲ್ಲಿ ಜನ ನೋಡಿ ಅವರಿಗೆ ತಿಳಿಯಿತು. ಗೋಡೆಗೆ ಒರಗಿದ ಮಗನ ಮುಂದೆ ಬಹಳ ಹೊತ್ತು ಕೂತರು. ಅತ್ತಿದ್ದು ನನಗೆ ನೆನಪಿಲ್ಲ. ಆ ವಿಭೂತಿಯನ್ನೇ ಅವನ ಹಣೆಗೆ ಹಚ್ಚಿದರು. ನನ್ನ ಗಲ್ಲ ಹಿಡಿದು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

“ಶಿವನ ಮುಂದ ಕೂತಂಗ ಕೂತೇ ಹೋದ ನನ್ನ ಕೂಸು. ನೀ ಮಾತು ಉಳಿಸಿದಿ, ತಂಗಿ.”

ಕೂತ ಅವನನ್ನು ಹಾಗೆಯೇ ಮಣ್ಣಿಗೆ ಒಯ್ದರು. ಕಾಕೂ ಮತ್ತೆ ನಾಲ್ಕು ವರ್ಷ ಬದುಕಿದರು. ಆ ನಾಲ್ಕು ವರ್ಷವೂ ನೋಡಬಂದವರ ಮುಂದೆಲ್ಲ ಆ ಒಂದು ಮಾತನ್ನೇ ಸಮಾಧಾನ ಮಾಡಿಕೊಂಡು ಹೇಳುತ್ತಿದ್ದರು, ನನ್ನ ಮಗ ಅಡ್ಡ ಬೀಳಲಿಲ್ಲ ಎಂದು. ಹೇಳಿಬಿಡೋಣ ಎಂದು ಎಷ್ಟೋ ಸಲ ಅವರ ಬಾಗಿಲಿಗೆ ಹೋಗಿದ್ದೇನೆ. ಉಪ್ಪಿದೆಯೇ, ಬೆಲ್ಲವಿದೆಯೇ ಎಂದು ಕೇಳಿಕೊಂಡು ತಿರುಗಿ ಬಂದಿದ್ದೇನೆ.

ಈಗ ನನ್ನ ದಮ್ಮಿಗೆ ಔಷಧಿ ಕೊಡುವ ಇಲ್ಲಿಯ ಡಾಕ್ಟರಮ್ಮನಿಗೆ ಒಮ್ಮೆ ಅವನ ಕೈಕಾಲು, ಹಸಿವು, ನಿದ್ದೆ ಎಲ್ಲ ಹೇಳಿದೆ. ಅದು ಹುಟ್ಟಿನಿಂದಲೇ ಬರುವ ರೋಗವಿದ್ದೀತು, ತಾಯಿಯ ತಪ್ಪೂ ಅಲ್ಲ, ಅವನ ತಪ್ಪೂ ಅಲ್ಲ ಎಂದಳು. ಅಂಥವರಿಗೆ ನಿದ್ದೆಯಲ್ಲಿ ಗಂಟಲು ಮುಚ್ಚುತ್ತದಂತೆ, ಎದೆಯ ಸ್ನಾಯು ಸೋಲುತ್ತದಂತೆ. ಈಗ ಮೂಗಿಗೆ ಗಾಳಿ ಒತ್ತುವ ಯಂತ್ರ ಇದೆಯಂತೆ. ಯಾರು ಎಂದು ಹೇಳದೆ, ಮಲಗಿಸಿದ್ದರಿಂದಲೇ ಹೋದನೇ ಎಂದು ಕೇಳಿದೆ. ಕೂತಿದ್ದರೂ ಹೋಗಬಹುದಿತ್ತು ಆಜಿ, ಯಾರೂ ಹೇಳಲಾರರು ಎಂದಳು. ಒಳ್ಳೆಯ ಹುಡುಗಿ. ನನ್ನ ಕೈ ಹಿಡಿದುಕೊಂಡೇ ಹೇಳಿದಳು.

ನಾಸಿಕದ ಆ ವಾಡೆ ಈಗಿಲ್ಲ. ಅತ್ತೆ ಇಲ್ಲ, ಯಜಮಾನರಿಲ್ಲ. ನಿಜ ಗೊತ್ತಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಬಾಯಿಬಿಟ್ಟು ಹೇಳಲಾಗದ್ದನ್ನು ಬರೆದಾದರೂ ಹೋಗಬೇಕೆಂದು ಇಷ್ಟು ಬರೆದೆ. ಕಾಕೂ, ನಾ ಮಾತು ಉಳಿಸ್ಲಿಲ್ರಿ. ಅಣ್ಣನ್ನ ನಾನೇ ಮಲಗಿಸಿದ್ನಿ.