ಲೋಕಕ್ಕೆಲ್ಲ ತೆರೆದಿದ್ದ ಫೋಲ್ಡರ್

ನಮ್ಮಣ್ಣ ಕೂತಲ್ಲಿ ಕೂರುವವನಲ್ಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ನಿಂತೇ ಜನರ ಮೊಬೈಲಿಗೆ ಹಾಡು ತುಂಬಿಸುತ್ತಿದ್ದ. ಆ ಹಾಡುಗಳು ಗುರುತಿಲ್ಲದವರ ಕಂಪ್ಯೂಟರಿನಿಂದ ಇಂಟರ್ನೆಟ್ಟಿನಲ್ಲಿ ಇಳಿದು ಬರುತ್ತಿದ್ದವು. ತೆಗೆದುಕೊಂಡವನು ತನ್ನಲ್ಲಿರುವುದನ್ನೂ ತೆರೆದಿಡಬೇಕು ಎಂಬುದು ಅಲ್ಲಿನ ನಿಯಮ. ಹಾಗಾಗಿ ಅವನ ಹಾಡಿನ ಫೋಲ್ಡರ್ ಲೋಕಕ್ಕೆಲ್ಲ ತೆರೆದೇ ಇರುತ್ತಿತ್ತು. ಕಳ್ಳಮಾಲು ಎಂದು ನಾನು ಬೈದರೆ, "ಕಂಪನಿಯವರು ಹತ್ತು ಜನರನ್ನ ಮಾತ್ರ ಮೆರೆಸ್ತಾರೆ ಕಣೇ. ಉಳಿದವರ ಹಾಡು ಕೇಳೋಕೆ ಇದೇ ದಾರಿ" ಎನ್ನುತ್ತಿದ್ದ. ಅವನ ಮಾತಿಗೇನು ಬರ.

ಆ ಉಳಿದವರಲ್ಲಿ ನಾನೂ ಒಬ್ಬಳು. ಹದಿನೈದು ವರ್ಷ ಬೇರೆಯವರ ಹಿಂದೆ ನಿಂತು ಕೋರಸ್ ಹಾಡಿದ ಮೇಲೆ, ಒಂದು ಕಂಪನಿ ನನ್ನ ದನಿಯಲ್ಲೇ ಒಂದು ಹಾಡು ತರಲು ಒಪ್ಪಿತ್ತು. ಬಿಡುಗಡೆಗೆ ಮೊದಲು ಹಾಡು ಯಾರ ಕೈಗೂ ಸಿಗಕೂಡದು ಎಂಬುದೊಂದೇ ಷರತ್ತು. ನನಗೆ ತಡೆಯಲಾಗಲಿಲ್ಲ. ಕೇಳಿ ಅಳಿಸಿಬಿಡು ಎಂದು ಅಣ್ಣನಿಗೆ ಪೆನ್‌ಡ್ರೈವ್ ಕೊಟ್ಟೆ.

ಅವನು ಕೇಳಿ ಕಣ್ಣೊರೆಸಿಕೊಂಡ. ಅಳಿಸಲು ಮನಸ್ಸು ಬರಲಿಲ್ಲ. ರೂಢಿಯ ಕೈ, ಅದೇ ಫೋಲ್ಡರಿಗೆ ಹಾಕಿಟ್ಟ.

ನಾಲ್ಕನೆಯ ದಿನ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ನನ್ನ ಹಾಡು ಕೇಳಿಸಿತು. ಅಂಗಡಿಗೆ ಓಡಿದೆ. ಅಣ್ಣ ಪರದೆ ನೋಡಿ, "ಕೆಟ್ಟೆ ಕಣೇ. ನನ್ನಿಂದಲೇ ಹೋಗಿದೆ" ಎಂದ.

ತಪ್ಪು ಒಪ್ಪಿಕೊಳ್ಳಲು ಹೋದ ನಮ್ಮನ್ನು ಕಂಪನಿಯಲ್ಲಿ ಮೂರು ಗಂಟೆ ಕಾಯಿಸಿದರು. ಅಣ್ಣ ಅಂಗಾಲು ಸುಟ್ಟ ಬೆಕ್ಕಿನಂತೆ ತಿರುಗಿದ. ಕಾವಲುಗಾರ ಎರಡು ಸಲ ಗದರಿದ. ಕೊನೆಗೆ ಮ್ಯಾನೇಜರ್ ನಗುತ್ತಲೇ ಬಂದರು.

"ಹಾಡು ಜನಕ್ಕೆ ಹಿಡಿಸಿದೆ, ಕೈಬಿಡಲ್ಲ. ಹೆಸರಿರೋ ಗಾಯಕಿ ಹತ್ರ ಮತ್ತೆ ಹಾಡಿಸ್ತೀವಿ."

"ಜನ ಮೆಚ್ಚಿದ್ದು ಇವಳ ದನೀನ ಸಾರ್" ಎಂದ ಅಣ್ಣ.

"ಷರತ್ತು ಮುರಿದವರು ಯಾರು?"

ಹೊರಗೆ ಬಂದು ಅಣ್ಣನಿಗೆ 'ಮಾಡಿದ್ದುಣ್ಣೋ ಮಹಾರಾಯ' ಎಂದು ಹೇಳಿ ಅವನೊಂದಿಗೆ ಮಾತು ಬಿಟ್ಟೆ. ಉಣ್ಣುತ್ತಿದ್ದವಳು ಮಾತ್ರ ನಾನು. ತಿಂಗಳೊಳಗೆ ಹೊಸ ದನಿಯ ಹಾಡು ಬೀದಿಬೀದಿಯಲ್ಲಿ ಕೇಳಿಸಿತು, ನಾನು ಕಿಟಕಿ ಮುಚ್ಚಿಕೊಂಡು ಮನೆಯೊಳಗೆ ಶತಪಥ ಹಾಕಿದೆ.

"ಅವರು ಸರಿಯಾಗಿ ಊಟಾನೂ ಮಾಡ್ತಿಲ್ಲ, ಒಂದ್ಸಲ ಬಂದು ಹೋಗು" ಎಂದು ಅತ್ತಿಗೆ ಫೋನ್ ಮಾಡಿದರು. ಅಂಗಡಿಗೆ ಹೋಗಿ ಬಾಗಿಲಲ್ಲೇ ನಿಂತೆ. ಅಷ್ಟರಲ್ಲಿ ಹೆಂಗಸೊಬ್ಬರು ಬಂದು ಅದೇ ಹಾಡು ಬೇಕೆಂದರು.

"ಎರಡು ದನಿಯಲ್ಲಿದೆ, ನೋಡಿ" ಎಂದು ಅಣ್ಣ ಎರಡನ್ನೂ ಕೇಳಿಸಿದ. ನಾನು ಆಕೆಯ ಮುಖವನ್ನೇ ನೋಡಿದೆ.

"ಯಾವ್ದಾದ್ರೂ ಹಾಕ್ಕೊಡಪ್ಪ, ಬಸ್ ಬಂತು. ಎರಡೂ ಒಂದೇ ಥರ ಇದೆ" ಎಂದರು ಆಕೆ.

ಅಣ್ಣನ ಕೈ ಅಲ್ಲೇ ನಿಂತಿತು.

"ನನ್ನದು ಹಾಕಣ್ಣ" ಎಂದೆ. ತಿಂಗಳ ಮೇಲೆ ನಾನು ಅವನೊಂದಿಗೆ ಆಡಿದ ಮೊದಲ ಮಾತು ಅದು.