ಮೊದಲು ಕುಡಿತ ಬಿಟ್ಟು ಬನ್ನಿ

ಆ ಡಾಕ್ಟರರಿಗೆ ಸ್ಕೂಟರಿನ ಕೀಲಿಕೈಯನ್ನು ಕಿವಿಯಲ್ಲಿ ಹಾಕಿ ತಿರುಗಿಸುವ ಚಟವಿತ್ತು. ನನ್ನ ತಮ್ಮ ತನಗೆ ಕೇಳಿಸುವ ದನಿಗಳ ಬಗ್ಗೆ ತೊದಲುತ್ತ ಹೇಳುತ್ತಿದ್ದರೆ, ಅವರು ಕಣ್ಣು ಅರೆಮುಚ್ಚಿ ಕೀಲಿ ತಿರುಗಿಸುವುದು, ಹೊರಗೆ ತೆಗೆದು ತುದಿಗೆ ಹತ್ತಿದ್ದನ್ನು ನೋಡುವುದು, ಪ್ಯಾಂಟಿಗೆ ಒರೆಸುವುದು, ಮತ್ತೆ ಹಾಕುವುದು. ಇವತ್ತಿಗೂ ಯಾರಾದರೂ ಅವರಿದ್ದ ಆಸ್ಪತ್ರೆಯ ಮನೋರೋಗ ವಿಭಾಗವನ್ನು ಹೊಗಳಿದರೆ ನನ್ನ ಕಣ್ಣೆದುರು ಬರುವುದು ಆ ಕೀಲಿ. ಮುಂದೆ ಅವರು ದೊಡ್ಡ ತಜ್ಞರಾದರು. ಮನಸ್ಸಿನ ಕಾಯಿಲೆಯೂ ಕುಡಿತವೂ ಒಂದೇ ಮೈಯಲ್ಲಿ ಕೂಡಿ ಬಂದರೆ ಏನು ಮಾಡಬೇಕು ಎಂದು ಊರೂರು ತಿರುಗಿ ಭಾಷಣ ಮಾಡುವಷ್ಟು ದೊಡ್ಡವರು. ಅವರ ಆ ದೊಡ್ಡಸ್ತಿಕೆಯಲ್ಲಿ ನನ್ನ ತಮ್ಮನ ಪಾಲೂ ಇದೆ.

ನಮ್ಮಪ್ಪ ಯಾದಗಿರಿ ಕಡೆಯಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಬಂದವನು. ಅಲ್ಲಿನ ಕೊಂಢವಾ ಬಡಾವಣೆಯ ಎಷ್ಟೋ ಕಟ್ಟಡಗಳ ಇಟ್ಟಿಗೆಗಳು ಅವನ ಕೈ ದಾಟಿ ಹೋಗಿವೆ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೆ ಧನಕವಡಿಯ ಎರಡು ಕೋಣೆಯ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಕನ್ನಡ ಶಾಲೆಯೊಂದರಲ್ಲಿ ಟೀಚರು. ಮದುವೆ ಆಗಲಿಲ್ಲ, ಅದು ಬೇರೆ ಮಾತು. ತಮ್ಮ ಐಟಿಐ ಮುಗಿಸಿ ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇಥ್ ಮಷೀನಿಗೆ ನಿಂತಿದ್ದ. ಸಂಜೆ ಮನೆಗೆ ಬಂದರೆ ಅವನ ಕೈಗೆ ಕಬ್ಬಿಣದ ವಾಸನೆ ಹತ್ತಿರುತ್ತಿತ್ತು. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಅವನಿಗೆ ದನಿಗಳು ಕೇಳಿಸತೊಡಗಿದವು. ಅವು ಅವನೊಂದಿಗೆ ಮಾತಾಡುತ್ತಿರಲಿಲ್ಲ, ಅವನ ಬಗ್ಗೆ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದವು. "ಇವ ಈಗ ಎದ್ದ ನೋಡು. ಈಗ ಚಾ ಕುಡದ. ಈಗ ಅಕ್ಕನ ಮಾರಿ ನೋಡಿದ. ಕೆಲಸಕ್ಕ ಬಾರದವ ಇವ." ಒಂದು ದಿನ ರೊಟ್ಟಿ ತಿನ್ನುತ್ತ ಕೂತವನು ತುತ್ತನ್ನು ಅಲ್ಲೇ ಬಿಟ್ಟು ಕೇಳಿದ.

"ಅಕ್ಕಾ, ನಿನಗೂ ಕೇಳಸ್ತದೇನು?"

"ಇಲ್ಲಪಾ, ನನಗೇನೂ ಕೇಳಸೂದಿಲ್ಲ."

"ಖರೇನ?"

"ನಿನ್ನಾಣಿ."

"ನೀ ಇಲ್ಲಂದ್ರ ಇಲ್ಲ ಬಿಡು," ಎಂದು ಮತ್ತೆ ರೊಟ್ಟಿ ಮುರಿದ.

ಅಂದಿನಿಂದ ಅದೇ ನಮ್ಮಿಬ್ಬರ ರೂಢಿಯಾಯಿತು. ನಾನು ಹಿಟ್ಟು ನಾದುತ್ತಿರಲಿ, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿರಲಿ, ಅವನು ಬಂದು ಕೇಳುವುದು, ನಾನು ಇಲ್ಲ ಅನ್ನುವುದು. ನನ್ನ ಇಲ್ಲ ಎಂಬ ಮಾತನ್ನು ಹಿಡಿದುಕೊಂಡೇ ಅವನು ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಆದರೆ ಕಾರ್ಖಾನೆಯಲ್ಲಿ ಅಕ್ಕ ಎಲ್ಲಿಂದ ಬರಬೇಕು? ಅಲ್ಲಿ ಅವನು ಬೇರೆ ಔಷಧ ಕಂಡುಕೊಂಡ. "ಒಂದು ಕ್ವಾರ್ಟರ್ ಒಳಗ ಹೋತಂದ್ರ ಅವು ಮಲಕೋತಾವ ಅಕ್ಕಾ. ನಾನೂ ಮಲಕೋತೀನಿ," ಎಂದ. ನಾನು ಅತ್ತೆ, ಬೈದೆ, ಬಾಟಲಿ ಒಡೆದೆ. ಕೆಲಸ ಹೋಯಿತು. ಕುಡಿದು ಲೇಥಿನ ಮುಂದೆ ನಿಲ್ಲುವವನನ್ನು ಯಾರು ಇಟ್ಟುಕೊಳ್ಳುತ್ತಾರೆ!

ಆಗ ಕರೆದುಕೊಂಡು ಹೋದದ್ದು ಆ ಕೀಲಿಕೈ ಡಾಕ್ಟರರ ಬಳಿಗೆ. ಅವರು ನಾಡಿ ಹಿಡಿಯಲಿಲ್ಲ, ಹೆಸರು ಕೇಳಲಿಲ್ಲ. ಕರವಸ್ತ್ರ ಮೂಗಿಗೆ ಹಿಡಿದು ಮೇಜಿನ ಆಚೆಯಿಂದಲೇ ಮರಾಠಿಯಲ್ಲಿ "ಊದು" ಎಂದರು. ತಮ್ಮ ಊದಿದ. "ಆಧೀ ದಾರೂ ಸೋಡಾ, ಮಗ ಯಾ," ಎಂದು ಚೀಟಿ ಪಕ್ಕಕ್ಕೆ ಸರಿಸಿದರು. ಮೊದಲು ಕುಡಿತ ಬಿಟ್ಟು ಬನ್ನಿ. ಕುಡಿತ ಇಳಿದ ಮೇಲೂ ಹುಚ್ಚು ಉಳಿದಿದ್ದರೆ ಅದು ನಮ್ಮ ಕೆಲಸ, ಅಲ್ಲಿಯವರೆಗೆ ನಮ್ಮ ಕೆಲಸವಲ್ಲ. ದನಿಗಳು ಕೇಳಿಸುವುದರಿಂದಲೇ ಅವನು ಕುಡಿಯುವುದು ಸಾಹೇಬ ಎಂದು ನಾನು ಕೈಮುಗಿದೆ. ಕೀಲಿ ಕಿವಿಗೆ ಹೋಯಿತು. ಕುಡುಕರೆಲ್ಲ ಏನೋ ಒಂದು ನೆವ ಹೇಳುತ್ತಾರೆ ತಾಈ ಎಂದರು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ.

ಸರಿ, ಕಾತ್ರಜ್ ಕಡೆಯ ವ್ಯಸನಮುಕ್ತಿ ಕೇಂದ್ರಕ್ಕೆ ಹೋದೆವು. ಅದನ್ನು ನಡೆಸುತ್ತಿದ್ದವರು ತಾವೇ ಒಂದು ಕಾಲಕ್ಕೆ ಕುಡಿದು, ಆಮೇಲೆ ಕುಡಿತ ಬಿಟ್ಟವರು. ಗಟ್ಟಿ ಗಂಟಲು, ಹಣೆಗೆ ದೊಡ್ಡ ಕುಂಕುಮ. ಕೆಲವು ದಿನ ಇಟ್ಟುಕೊಂಡು, ಇವನು ಗೋಡೆಯ ಜೊತೆ ಮಾತಾಡುತ್ತಾನೆ, ಉಳಿದವರು ಹೆದರುತ್ತಾರೆ, ಮೊದಲು ಇವನ ತಲೆ ಸರಿ ಮಾಡಿಸಿಕೊಂಡು ಬನ್ನಿ ಎಂದು ಹೊರಗೆ ಕಳಿಸಿದರು. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಕೆಲವು ದಿನ ಕುಡಿಯದೆ ಇದ್ದದ್ದರಿಂದ ಈ ಸಲ ಆಸ್ಪತ್ರೆಯವರ ಮೂಗಿಗೆ ಏನೂ ಸಿಗಲಿಲ್ಲ. ಗುಳಿಗೆ ಕೊಟ್ಟರು. ಏನು ಹೇಳಲಿ, ತಿಂಗಳೊಳಗೆ ತಮ್ಮ ಮನುಷ್ಯನಾದ! ದನಿಗಳು ಆಚೆ ಮನೆಯ ರೇಡಿಯೊದಂತೆ ದೂರ ಹೋಗಿವೆ ಎಂದ. ಶಾಲೆಯಿಂದ ಬಂದರೆ ಚಹಾ ಮಾಡಿ ಇಟ್ಟಿರುತ್ತಿದ್ದ. ಆದರೂ ಕುಡಿಯುವ ಆಸೆ ಪೂರ್ತಿ ಹೋಗಿರಲಿಲ್ಲ. ಅದನ್ನೂ ಕಳೆದುಬಿಡೋಣವೆಂದು ಮತ್ತೆ ಅದೇ ಕೇಂದ್ರಕ್ಕೆ ಸೇರಿಸಿದೆ.

ಸೇರಿಸಿದ ದಿನವೇ ಆ ಕುಂಕುಮದ ಮಹಾಶಯರು ತಮ್ಮನ ಕಿಸೆಯಿಂದ ಗುಳಿಗೆಗಳನ್ನು ತೆಗೆದು ಸಂಡಾಸಿಗೆ ಸುರಿದು ನೀರು ಹೊಡೆದರು. "ಗೋಳಿನೂ ನಶೆನೇ. ಇಲ್ಲಿ ಎಲ್ಲ ನಶೆ ಬಂದ್," ಎಂದು ಮೀಸೆಯ ಮೇಲೆ ಕೈ ಆಡಿಸಿದರಂತೆ. ಇದನ್ನು ತಮ್ಮ ನನಗೆ ಹೇಳಿದ್ದು ಕೇಂದ್ರದ ಗೋಡೆ ಹಾರಿ ಬಂದ ಮೇಲೆ, ಬಾಯಿಂದ ದೇಶಿ ದಾರೂ ನಾರುತ್ತಿರುವಾಗ. ಮರುದಿನ ಆಸ್ಪತ್ರೆಗೆ ಓಡಿದೆ. ಮೂಗಿಗೆ ಕರವಸ್ತ್ರ. ಊದು. ಮೊದಲು ಕುಡಿತ ಬಿಟ್ಟು ಬನ್ನಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಗತಿ. ಎಷ್ಟೋ ವರ್ಷ ಇದೇ ನಡೆಯಿತು. ಒಬ್ಬರಿಗೆ ಕುಡಿತ ಬೇಡ, ಇನ್ನೊಬ್ಬರಿಗೆ ಹುಚ್ಚು ಬೇಡ. ನನ್ನ ತಮ್ಮ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಕೊಂಡು ಬರಬೇಕಿತ್ತೇನೋ. ಥೂ! ಇಷ್ಟು ಓದಿದವರ ತಲೆಗೆ ಇಷ್ಟು ಸಣ್ಣ ಮಾತು ಹೋಗುವುದಿಲ್ಲವಲ್ಲ ಎಂದು ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನು ಗಟ್ಟಿಯಾಗಿ ಒಬ್ಬಳೇ ಮಾತಾಡಿಕೊಂಡದ್ದುಂಟು. ಪಕ್ಕದ ಹೆಂಗಸು ತನ್ನ ಚೀಲ ಎತ್ತಿಕೊಂಡು ದೂರ ಸರಿದಳು.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ಒಂದು ಭಾನುವಾರ ಅದೇ ಡಾಕ್ಟರರು ನಮ್ಮ ಮನೆಗೇ ಬಂದರು. ಕೂದಲು ನರೆತಿತ್ತು, ಸ್ಕೂಟರ್ ಹೋಗಿ ಕಾರು ಬಂದಿತ್ತು. ಈಗ ಕಿವಿಗೆ ಹೋಗುತ್ತಿದ್ದದ್ದು ಕಾರಿನ ಕೀಲಿ. ಹೊರದೇಶದಲ್ಲಿ ಕಲಿತು ಬಂದಿದ್ದರಂತೆ. ಅಲ್ಲಿ ಅವರಿಗೆ ಗೊತ್ತಾದದ್ದೇನೆಂದರೆ, ಎರಡೂ ಕಾಯಿಲೆ ಒಬ್ಬನಿಗೇ ಬರಬಹುದು, ಎರಡನ್ನೂ ಒಂದೇ ಕಡೆ ಕೂಡಿಸಿ ನೋಡಬೇಕು. ಅಯ್ಯೋ ನನ್ನ ಶಿವನೇ, ಅದನ್ನು ತಿಳಿಯಲು ವಿಮಾನ ಹತ್ತಬೇಕಿತ್ತೇ! ಈಗ ಅವರು ಅದರ ಮೇಲೆ ಸಂಶೋಧನೆ ಮಾಡುತ್ತಿದ್ದರು, ರೋಗಿಗಳು ಬೇಕಾಗಿದ್ದರು. ನಮ್ಮ ಮಂಚದ ಮೇಲೆ ಕೂತು, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ತಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಸಂತೆಯಲ್ಲಿ ಒಳ್ಳೆಯ ಬದನೆಕಾಯಿ ಸಿಕ್ಕವರ ಹಾಗೆ ನಕ್ಕರು. "ಛಾನ್ ಕೇಸ್ ಆಹೆ," ಎಂದರು ಜೊತೆಗೆ ಬಂದಿದ್ದ ಕಿರಿಯ ಡಾಕ್ಟರಿಗೆ. ಚೆಂದದ ಕೇಸು. ಮೊದಲು ಕುಡಿತ ಬಿಟ್ಟು ಬನ್ನಿ ಅಂದಿದ್ದ ಅದೇ ಬಾಯಿ.

ನನಗೆ ಹೇಸಿಗೆಯಾಯಿತು, ಆದರೂ ಹೂಂ ಎಂದೆ. ತಮ್ಮನಿಗೆ ಗುಣವಾಗುವುದಿದ್ದರೆ ನನ್ನ ಹೇಸಿಗೆ ಯಾರಿಗೆ ಬೇಕು? ಸುಳ್ಳು ಹೇಳಬಾರದು, ಆ ಕಾಲ ಚೆನ್ನಾಗಿತ್ತು. ಒಂದೇ ಕೋಣೆಯಲ್ಲಿ ಗುಳಿಗೆ ಕೊಡುತ್ತಿದ್ದರು, ಕುಡಿತದ ಬಗ್ಗೆಯೂ ಕೂತು ಮಾತಾಡುತ್ತಿದ್ದರು. ನಡುವೆ ಒಮ್ಮೆ ಕುಡಿದು ಹೋದಾಗಲೂ ಬೈಯದೆ ಒಳಗೆ ಕರೆದರು. ತಮ್ಮ ಕೊಂಢವಾದಲ್ಲಿ ಕಿಟಕಿಯ ಗ್ರಿಲ್ ಮಾಡುವ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದ. ಕೈಗೆ ಮತ್ತೆ ಕಬ್ಬಿಣದ ವಾಸನೆ ಬಂತು. "ನಿನಗೂ ಕೇಳಸ್ತದೇನು" ಎಂಬ ಪ್ರಶ್ನೆ ಎಷ್ಟೋ ದಿನ ಬರುತ್ತಲೇ ಇರಲಿಲ್ಲ. ಮನಸ್ಸಿನಲ್ಲೇ ಆ ಕೀಲಿಕೈಗೂ ಕ್ಷಮೆ ಕೊಟ್ಟುಬಿಟ್ಟಿದ್ದೆ.

ಆಮೇಲೆ ಸಂಶೋಧನೆ ಮುಗಿಯಿತು, ಕೋಣೆಗೆ ಬೀಗ ಬಿತ್ತು. ನಮಗೆ ಬೇಕಾದದ್ದೆಲ್ಲ ಸಿಕ್ಕಿತು ತಾಈ, ಇನ್ನು ಎಲ್ಲರ ಹಾಗೆ ಮಾಮೂಲಿ ಸಾಲಿಗೆ ಬನ್ನಿ ಎಂದರು. ಅವರಿಗೆ ಸಿಕ್ಕಿತು, ಸರಿ. ನನ್ನ ತಮ್ಮನಿಗೆ? ಮಾಮೂಲಿ ಸಾಲಿನಲ್ಲಿ ಹೊಸ ಡಾಕ್ಟರೊಬ್ಬ ಕೂತಿದ್ದ. ಕರವಸ್ತ್ರದ ಬದಲು ಅಂಗೈಯನ್ನೇ ಮೂಗಿಗೆ ಹಿಡಿದುಕೊಂಡು ಊದು ಎಂದ. ಒಂದು ಸಲ ತಮ್ಮನ ಬಾಯಲ್ಲಿ ವಾಸನೆ ಸಿಕ್ಕಿದ್ದೇ ಗುಳಿಗೆ ಸಿಗುವುದು ತಪ್ಪಿತು. ದನಿಗಳು ಹತ್ತಿರ ಬಂದವು, ಬಾಟಲಿಯೂ ಬಂತು.

ಅಂಥ ದಿನಗಳಲ್ಲಿ ದೊಡ್ಡ ಡಾಕ್ಟರರ ಫೋನ್ ಬಂತು. ಎಲ್ಲೆಲ್ಲಿಂದಲೋ ತಜ್ಞರು ಸೇರುವ ಸಮಾವೇಶವಿದೆ, ನಿಮ್ಮ ತಮ್ಮನನ್ನು ವೇದಿಕೆಯ ಮೇಲೆ ಕೂಡಿಸಿ ಎಲ್ಲರಿಗೂ ತೋರಿಸಬೇಕು ಎಂದರು. ಅವನು ಮತ್ತೆ ಕುಡಿಯುತ್ತಿದ್ದಾನೆ ಸಾಹೇಬ, ಮೊದಲಿನ ಹಾಗೆ ಎರಡಕ್ಕೂ ಕೂಡಿಯೇ ಔಷಧ ಕೊಡುವುದಾದರೆ ಕರೆದುಕೊಂಡು ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. "ಬನ್ನಿ ತಾಈ, ಅಲ್ಲೇ ವ್ಯವಸ್ಥೆ ಮಾಡೋಣ. ಆ ಒಂದು ದಿನ ಮಾತ್ರ ಸ್ವಚ್ಛವಾಗಿ ಕರೆದುಕೊಂಡು ಬನ್ನಿ," ಎಂದರು. ನನಗೆ ಬೇಕಾಗಿದ್ದದ್ದು ಆ ವ್ಯವಸ್ಥೆ ಒಂದೇ. ತಮ್ಮನಿಗೆ ಹೊಸ ಅಂಗಿ ತಂದೆ. ಅವನೂ ಎರಡು ದಿನ ಮೈ ಬಿಗಿಹಿಡಿದು ಬಾಟಲಿ ಮುಟ್ಟದೆ ಉಳಿದ.

ಆದರೆ ಅಷ್ಟು ಜನರ ಮುಂದೆ ಕೂರಬೇಕೆಂಬ ಹೆದರಿಕೆಗೆ ದನಿಗಳು ಅವನನ್ನು ಮುತ್ತಿದವು. ಸಮಾವೇಶದ ದಿನ ಸ್ವಾರಗೇಟಿನಲ್ಲಿ ಮೂತ್ರಕ್ಕೆ ಹೋಗಿ ಬರುತ್ತೇನೆಂದು ಹೋದವನು ಬರುವಾಗ ಬಾಯಿ ಒರೆಸಿಕೊಳ್ಳುತ್ತ ಬಂದ. "ಭಾಳ ಬೈತಿದ್ವು ಅಕ್ಕಾ. ಒಂದ ಗುಟುಕ ಅಷ್ಟ," ಎಂದ. ನಾನು ಹಣೆ ಚಚ್ಚಿಕೊಂಡೆ. ಆದರೂ ಹೊರಟೆ. ಈ ರೋಗದ ತಜ್ಞರ ಮುಂದೆ ಅಲ್ಲದೆ ಇವನನ್ನು ಇನ್ನು ಯಾರ ಮುಂದೆ ಒಯ್ಯಬೇಕು ಎನ್ನುವ ಧೈರ್ಯ ನನಗೆ.

ಸಭಾಂಗಣದ ಗೇಟಿನಲ್ಲಿ ಕಾವಲುಗಾರ ಮೂಗು ಅರಳಿಸಿ ಕೋಲು ಅಡ್ಡ ಹಿಡಿದ. ಹೇಳಿ ಕಳಿಸಿದಾಗ ದೊಡ್ಡ ಡಾಕ್ಟರರು ಕೋಟಿನ ಮೇಲೆ ಗುಲಾಬಿ ಸಿಕ್ಕಿಸಿಕೊಂಡು ಬಂದರು. ತಮ್ಮ ಕೈ ಮುಗಿದ. ಅವರು ಒಂದು ಹೆಜ್ಜೆ ಹಿಂದೆ ಸರಿದು, "ಊದು," ಎಂದರು.

"ಅರೇ, ಇವತ್ತೇ ಕುಡಿಯಬೇಕಿತ್ತೇ? ಹೊರಗಿನ ಜನ ಬಂದಿದ್ದಾರೆ ತಾಈ, ಹೀಗೆ ಹೇಗೆ ಕೂಡಿಸಲಿ?"

"ಅವನ ಔಷಧದ ವ್ಯವಸ್ಥೆ ಅಂದಿದ್ರಲ್ಲರೀ ಸಾಹೇಬ?"

"ಮೊದಲು ಕುಡಿತ ಬಿಟ್ಟು ಬರಲಿ. ಆಮೇಲೆ ನೋಡೋಣ."

ನನ್ನ ಮರಾಠಿ ಅಲ್ಲಿಗೆ ಮುಗಿಯಿತು. ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ ಕನ್ನಡದಲ್ಲೇ ಶುರು ಮಾಡಿದೆ. "ನಾಚಿಕಿ ಅದ ಏನ್ರೀ ನಿಮಗ? ಇಂಥವರ ಸಲುವಾಗೇ ಅಲ್ಲೇನು ಈ ಸಭಾ? ಕುಡೀಲಾರದವ, ಹುಚ್ಚ ಇಲ್ಲದವ ಬೇಕಂದ್ರ ನೀವ ಹೋಗಿ ಕೂಡ್ರಿ ಅಲ್ಲಿ! ಬೆಂಕಿ ಹತ್ತಲಿ ನಿಮ್ಮ ಸಭಾಕ್ಕ!" ಕಾವಲುಗಾರ ನನ್ನ ಬಾಯಿಯ ಹತ್ತಿರವೂ ಒಮ್ಮೆ ಮೂಗು ತಂದು ನೋಡಿದ. ಡಾಕ್ಟರರು ಗಡಿಯಾರ ನೋಡಿಕೊಂಡು ಒಳಗೆ ಹೋದರು.

ನಾನು ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತೆ. ತಮ್ಮ ಪಕ್ಕದಲ್ಲಿ ಹೊಸ ಅಂಗಿಯ ತುದಿ ತಿರುಚುತ್ತ ಕೂತ. ಊಟದ ಪೆಂಡಾಲಿನವರಿಗೂ ಕೇಳಲೆಂದು ಹೊರಗಡೆ ಸ್ಪೀಕರ್ ಕಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅದು ಗರಗರ ಎಂದು, ಆ ಡಾಕ್ಟರರ ದನಿ ಮರಾಠಿಯಲ್ಲಿ ಬಂತು. ಗೌಂಡಿಯೊಬ್ಬನ ಮಗ. ಚಾಕಣದಲ್ಲಿ ಲೇಥಿಗೆ ನಿಂತಿದ್ದವನು. ಧನಕವಡಿಯಲ್ಲಿ ಟೀಚರ್ ಅಕ್ಕನ ಜೊತೆ ಇರುತ್ತಾನೆ. ಈಗ ಅವನು ಕುಡಿಯುವುದಿಲ್ಲ. ಈಗ ಅವನಿಗೆ ದನಿಗಳು ಕೇಳಿಸುವುದಿಲ್ಲ. ಈಗ ಅವನು ದಿನಾ ಕೆಲಸಕ್ಕೆ ಹೋಗುತ್ತಾನೆ.

ತಮ್ಮ ಬೆಚ್ಚಿ ಎದ್ದು ನಿಂತ. ಸುತ್ತಲೂ ನೋಡಿದ. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ನಿನಗೂ ಕೇಳಸ್ತದೇನು?"

ಇಷ್ಟು ವರ್ಷ ಇಲ್ಲ ಎಂದೇ ಬಂದವಳು ನಾನು. ಒಮ್ಮೆಯೂ ಅವನಿಗೆ ಸುಳ್ಳು ಹೇಳಿರಲಿಲ್ಲ.

"ಹೌದೋ ತಮ್ಮಾ, ನನಗೂ ಕೇಳಸ್ತದ."

ಅವನು ನನ್ನನ್ನೇ ನೋಡುತ್ತ ನಿಂತ. ಕಣ್ಣಲ್ಲಿ ನೀರು ತುಂಬಿತು. "ಅಯ್ಯೋ, ನಿನಗೂ ಬಂತೇನ ಅಕ್ಕಾ?" ಎಂದು ನನ್ನ ಮುಂದೆ ಮೊಣಕಾಲೂರಿ ಕೂತು, ಎರಡೂ ಅಂಗೈಗಳಿಂದ ನನ್ನ ಕಿವಿ ಮುಚ್ಚಿದ. "ಹೆದರಬ್ಯಾಡ. ಅವು ಅಂದದ್ದು ನಂಬಬ್ಯಾಡ," ಎಂದ. ಕೈಗಳಲ್ಲಿ ಕಬ್ಬಿಣದ ವಾಸನೆ ಇನ್ನೂ ಇತ್ತು. ಒಳಗೆ ಚಪ್ಪಾಳೆ ಬಿತ್ತು. ಅವನ ಕೈಗಳ ಒಳಗೂ ನನಗದು ಸಣ್ಣಗೆ ಕೇಳಿಸುತ್ತಿತ್ತು.