ಆಜಿ ಅನ್ನದ ಮಾತು

ಮೊನ್ನೆ ಚಿಕ್ಕೋಡಿಯಲ್ಲಿ ಕಟಿಂಗ್ ಮಾಡಿಸಿಕೊಳ್ಳಲು ಕುಳಿತಿದ್ದೆ. ತಲೆಯಲ್ಲಿ ಕೂದಲೆಷ್ಟು ಉಳಿದಿವೆ ಎಂದು ನೀವು ಕೇಳಬಾರದು, ವಿಷಯ ಅದಲ್ಲ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡವನ ಮೊಬೈಲಿನಲ್ಲಿ ಯಾವುದೋ ಹಾಸ್ಯ ಕಾರ್ಯಕ್ರಮ ನಡೆದಿತ್ತು. ಹೇಳುವವನು ಎರಡು ಮಾತು ಆಡಿದರೆ ಮೂರನೆಯದಕ್ಕೆ 'ಟೂಂಯ್'. ಆ ಟೂಂಯ್ ಬಂದಾಗಲೆಲ್ಲ ಇಡೀ ಅಂಗಡಿ ನಗುತ್ತಿತ್ತು.

"ಏನಂದ್ನಪಾ ಅವಾ?" ಎಂದು ನಾನು ಕೇಳಿದೆ.

"ಅದು ಕೇಳಿಸಂಗಿಲ್ಲಲ್ರಿ ಸರ, ಅದಕ್ಕ ಮಜಾ," ಎಂದ ಕತ್ತರಿ ಹಿಡಿದವನು.

ಎಲ್ಲರೂ ನಕ್ಕರು. ನಾನು ಮಾತ್ರ ತಲೆ ತಗ್ಗಿಸಿದೆ. ಯಾಕೆಂದರೆ ಮಾತನ್ನು ಸದ್ದಿನಿಂದ ಮುಚ್ಚುವ ಈ ವಿದ್ಯೆಯನ್ನು ನಮ್ಮ ಸೀಮೆಗೆ ಮೊದಲು ತಂದ ಮಹಾನುಭಾವ ನಾನೇ.

ನಾನು ಕನ್ನಡ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಒಂದು ಸಮುದಾಯ ರೇಡಿಯೋ ಇತ್ತು. ಅದೃಷ್ಟ ಚೆನ್ನಾಗಿದ್ದರೆ ನಿಪ್ಪಾಣಿ ಮಗ್ಗುಲಿನ ಹಳ್ಳಿಗಳಿಗೂ ಕೇಳುತ್ತಿತ್ತು, ಇಲ್ಲದಿದ್ದರೆ ಪ್ರಾಚಾರ್ಯರ ಕೋಣೆಗೂ ಕೇಳುತ್ತಿರಲಿಲ್ಲ. ಕನ್ನಡ ಮಾಸ್ತರನಿಗೆ ಬೇರೆ ಕೆಲಸವೇನು ಎಂದು ಅದರ ಉಸ್ತುವಾರಿಯನ್ನು ನನಗೆ ಗಂಟು ಹಾಕಿದ್ದರು. ಅದರ ಜೀವವೆಲ್ಲ ಪದ್ಮಕ್ಕನಲ್ಲಿತ್ತು. ಪದ್ಮಕ್ಕ ಸತ್ತಿ ಎಂಬ ಊರಿನ ಕಡೆಯವರು, ಜೈನರ ದೊಡ್ಡ ಒಕ್ಕಲು ಮನೆಗೆ ಸೊಸೆಯಾಗಿ ಬಂದು, ಮೂವತ್ತು ವರ್ಷ ದನಿ ಎತ್ತದೆ ಇದ್ದು, ಐವತ್ತು ದಾಟಿದ ಮೇಲೆ ಮೈಕಿನ ಮುಂದೆ ಕುಳಿತವರು. ದಿನಾ ಮಧ್ಯಾಹ್ನ ಒಂದು ತಾಸು ಫೋನ್ ಮಾಡಿದವರನ್ನು ಚೇಷ್ಟೆ ಮಾಡುವುದೇ ಅವರ ಕಾರ್ಯಕ್ರಮ. "ನನ್ನ ಹೆಂಡ್ತಿಗೊಂದು ಹಾಡು ಹಾಕ್ರಿ" ಎಂದವನಿಗೆ, "ಹಾಡು ಆಮ್ಯಾಲ ಹಾಕೂಣು, ಮೊದಲ ಆಕೀ ಹೆಸರು ನೆನಪೈತೇನು ಹೇಳ್ರಿ" ಎನ್ನುವರು. ಅವನು ತಡವರಿಸಿದರೆ ಹಾಡು ರದ್ದು.

"ಅಕ್ಕಾ, ಸ್ವಲ್ಪ ಸಂಭಾಳಸ್ರಿ" ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ತಮ್ಮಾ, ಸಂಭಾಳಸ್ಕೋತ ಮೂವತ್ತು ವರ್ಷ ಕುಂತಿದ್ದೆ. ಇದೊಂದು ತಾಸು ನನಗ ಬಿಡು."

ಹೀಗಿರುವಾಗ ಸಂಸ್ಥೆಯ ಅಧ್ಯಕ್ಷರ ಭಾಷಣವನ್ನು ಒಂದು ಬೆಳಿಗ್ಗೆ ಪೂರ್ತಿ ಪ್ರಸಾರ ಮಾಡಿದೆವು. ಮಧ್ಯಾಹ್ನ ನಿಪ್ಪಾಣಿ ಕಡೆಯ ಹಳ್ಳಿಯಿಂದ ಮುದುಕಿಯೊಬ್ಬಳ ಫೋನ್ ಬಂತು. "ಆಜಿ, ನಮ್ಮ ಅಧ್ಯಕ್ಷರ ಭಾಷಣ ಕೇಳಿದ್ರೇನ್ರಿ?" ಎಂದರು ಪದ್ಮಕ್ಕ.

"ನಾಯ್," ಎಂದಳು ಆಜಿ.

ಇಲ್ಲಿ ಒಂದಿಷ್ಟು ವ್ಯಾಕರಣ ಬೇಕು. ಮಾಸ್ತರಿಕೆಯ ಚಟ, ಸಹಿಸಿಕೊಳ್ಳಿ. ಮರಾಠಿಯಲ್ಲಿ 'ನಾಹೀ' ಎಂದರೆ ಇಲ್ಲ. ಹಳ್ಳಿಯ ನಾಲಗೆಯಲ್ಲಿ ಅದು ಸವೆದು 'ನಾಯ್' ಆಗುತ್ತದೆ. ಕನ್ನಡದ ಕಿವಿಗೆ ಅದು ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಎಲ್ಲರಿಗೂ ಎರಡೂ ಭಾಷೆ ಬರುತ್ತವೆ. ಯಾವಾಗ ಯಾವುದನ್ನು ಅರ್ಥ ಮಾಡಿಕೊಳ್ಳಬೇಕು ಎಂಬುದು ಅವರವರ ಅನುಕೂಲ.

ಪದ್ಮಕ್ಕನಿಗೂ ಅರ್ಥವಾಗಿತ್ತು. ಆದರೆ ಬಾಯಿಗೆ ಬಂದ ಚೇಷ್ಟೆಯನ್ನು ನುಂಗುವ ಜಾಯಮಾನ ಅವರದಲ್ಲ. "ಅಯ್ಯ ಆಜಿ, ಅವರಿಗೆ ಹಂಗ ಅನಬ್ಯಾಡ್ರಿ! ಈ ಮೈಕ ಅವರದ ಐತಿ!"

ತನ್ನ ಮಾತು ತಲುಪಲಿಲ್ಲವೆಂದು ಆಜಿ, ಇಲ್ಲ ತಾಯಿ ಇಲ್ಲ ಎಂದು ಇನ್ನೂ ಜೋರಾಗಿ ಕೂಗಿದಳು: "ನಾಯ್ ಗ ಬಾಯ್! ನಾಯ್, ನಾಯ್!"

ನಮ್ಮ ರೇಡಿಯೋ ಎಂದೂ ಮುಟ್ಟದ ಅಥಣಿ, ಕಾಗವಾಡಗಳಿಗೆ ಆ ತುಣುಕು ಸಂಜೆಯೊಳಗೆ ವಾಟ್ಸಪ್ಪಿನಲ್ಲಿ ಮುಟ್ಟಿತು. ವಿಚಾರಣೆ ಆಗಲಿ ಎಂದರು ಅಧ್ಯಕ್ಷರು. ಅಲ್ಲಿಯವರೆಗೆ ಆ ಶಬ್ದ ಮತ್ತೆ ಗಾಳಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ನನ್ನದಾಯಿತು. ನಮ್ಮ ಹತ್ತಿರ ಟೂಂಯ್ ಎನ್ನುವ ಯಂತ್ರವಿರಲಿಲ್ಲ. ನಾನು ನನ್ನ ಸೈಕಲ್ಲಿನ ಗಂಟೆ ಬಿಚ್ಚಿ ಸ್ಟುಡಿಯೋದ ಮೇಜಿಗೆ ಬಿಗಿದೆ. ಮಾತನಾಡುವವರು 'ನಾ' ಎನ್ನುವಷ್ಟರಲ್ಲಿ ನನ್ನ ಹೆಬ್ಬೆರಳು ಟ್ರಿಣ್ ಎನಿಸುತ್ತಿತ್ತು. ನಾಗಪ್ಪ ಎಂಬೊಬ್ಬರು ತಮ್ಮ ಹೆಸರು ಹೇಳಲು ಮೂರು ಸಲ ಫೋನ್ ಮಾಡಬೇಕಾಯಿತು.

"ಯಜಮಾನ್ರು ಮನ್ಯಾಗ ಅದಾರೇನ್ರಿ?" ಎಂದು ಪದ್ಮಕ್ಕ ಕೇಳಿದರೆ ಉತ್ತರದ ಜಾಗದಲ್ಲಿ ಟ್ರಿಣ್. "ಹೊಟ್ಟಿಬ್ಯಾನಿ ಕಡಿಮಿ ಆತೇನ್ರಿ?" ಟ್ರಿಣ್. ವಾರದೊಳಗೆ ಸಭ್ಯ ಶ್ರೋತೃಗಳು ಗಾಬರಿಯಾದರು. ಪಾಲಬಾವಿಯ ಜೈನ ರೈತರೊಬ್ಬರು ಬಸ್ಸು ಹಿಡಿದು ಬಂದೇಬಿಟ್ಟರು.

"ನಮ್ಮ ತಂಗೀನ ನಿಪ್ಪಾಣಿ ಕಡೆ ಕೊಟ್ಟೇವ್ರಿ. ಪಲ್ಯಾಕ ಉಳ್ಳಾಗಡ್ಡಿ ಹಾಕ್ತೀರೇನು ಅಂತ ನೀವು ಕೇಳಿದ್ರಿ. ಆಕೀ ಏನೋ ಅಂದ್ಲು, ನೀವು ಗಂಟಿ ಬಾರಿಸಿದ್ರಿ. ಬೀಗರು ನಮ್ಮನ್ನ ಕೇಳಾಕತ್ತಾರ. ಅಂಥಾದ್ದ ಏನ್ ಬೈದ್ಲರಿ ಆಕೀ?"

"ಏನೂ ಬೈದಿಲ್ರಿ. ಹಾಕಂಗಿಲ್ಲ ಅಂದ್ರು."

"ಮತ್ತ ಗಂಟಿ ಯಾಕ್ರಿ?"

ಅವರಿಗೆ ಚಹಾ ಕುಡಿಸಿ ಕಳಿಸಿದೆ.

ಕೊನೆಗೆ ವಿಚಾರಣೆಯ ದಿನ ಬಂತು. ಅಧ್ಯಕ್ಷರು ಆ ತುಣುಕನ್ನು ಹಾಕಿಸಿ ನನ್ನನ್ನೇ ಮೊದಲು ಕೇಳಿದರು: "ಮಾಸ್ತರ್ರ, ನಿಮಗ ಮರಾಠಿ ಬರತೈತಿ. ಆಜಿ ಏನಂದ್ಲು?"

"ಆವಾಜ ಅಷ್ಟು ಸ್ವಚ್ಛ ಇಲ್ರಿ," ಎಂದೆ. ನಿಪ್ಪಾಣಿಯಲ್ಲೇ ಹುಟ್ಟಿದವನು ನಾನು.

"ಸ್ವಚ್ಛ ಐತ್ರಿ," ಎಂದರು ಪದ್ಮಕ್ಕ. "ಭಾಷಣ ಕೇಳಿಲ್ಲ ಅಂದಾಳ್ರಿ, ಅಷ್ಟ."

ಅಧ್ಯಕ್ಷರ ಮುಖ ಇಳಿಯಿತು. "ಕೇಳೇ ಇಲ್ಲಾ?" ಎಂದರು ಮೆಲ್ಲಗೆ. ಆಮೇಲೆ ಗಂಭೀರವಾಗಿ, "ಬ್ಯಾಡ್ರಿ. ನಾಯಿ ಅಂದಾಳ ಅಂತನ ಇರಲಿ. ನಾಯಿ ಅಂದಾಳಂದ್ರ ಭಾಷಣ ಕೇಳಿ ಅಂದಾಳ ಅಂತಾತು. ಆಜಿ ಪರವಾಗಿ ಪದ್ಮಕ್ಕಾರು ರೇಡಿಯೋದಾಗ ಕ್ಷಮಾ ಕೇಳಲಿ, ಕಾರ್ಯಕ್ರಮ ನಡಸ್ಕೋತ ಹೋಗಲಿ."

ನನಗೆ ಎಷ್ಟು ನಿರಾಳವಾಯಿತು ಅಂತೀರಿ! ಇಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು ಪದ್ಮಕ್ಕನ ಕಡೆ ನೋಡಿದೆ. ಅವರು ಆಗದು ಎಂದು ತಲೆಯಲ್ಲಾಡಿಸಿದರು.

"ಚೇಷ್ಟಿ ಮಾಡಿದಾಕಿ ನಾ. ನಂದು ತಪ್ಪಾತು ಅಂತ ಹತ್ತು ಸಲ ಅಂತೇನ್ರಿ. ಆದ್ರ ಆಜಿ ಅನ್ನದ ಮಾತು ಆಜಿ ಬಾಯಾಗ ಹಾಕಾಕ ನನ್ನ ಕಡಿಂದ ಆಗಂಗಿಲ್ಲ."

ಮರುದಿನದಿಂದ ಆ ಒಂದು ತಾಸು ಅವರಿಗಿರಲಿಲ್ಲ. ಕ್ಷಮಾಪಣೆಯನ್ನು ನಾನೇ ಓದಿದೆ, ಶುದ್ಧ ಗ್ರಾಂಥಿಕ ಕನ್ನಡದಲ್ಲಿ: "ನಮ್ಮ ಶ್ರೋತೃವೊಬ್ಬರು ಮಾನ್ಯ ಅಧ್ಯಕ್ಷರನ್ನು ಶ್ವಾನವೆಂದು ಸಂಬೋಧಿಸಿದ್ದಕ್ಕೆ ವಿಷಾದಿಸುತ್ತೇವೆ." ಓದಿ ಮುಗಿಸಿದ ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಮೀ ಕವಾ ಬೋಲಲೇ ರೇ ಬಾಬಾ?" ನಾನು ಯಾವಾಗ ಹಾಗಂದೆನಪ್ಪಾ ಎಂದು ಆಜಿ ಕೇಳುತ್ತಿದ್ದಳು. ನಾನು "ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ನಾಚಿಕೆಗೇಡಿನ ಕೆಲಸ, ಗೊತ್ತು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ನಾನು ನಿವೃತ್ತನಾದೆ, ರೇಡಿಯೋ ನಿಂತಿತು. ಪದ್ಮಕ್ಕ ಈಗ ಮನೆಯಲ್ಲಿ ಮತ್ತೆ ಮಾತು ಕಡಿಮೆ ಮಾಡಿದ್ದಾರೆ ಎಂದು ಕೇಳಿದ್ದೆ. ಮೊನ್ನೆ ಆ ಅಂಗಡಿಯಿಂದ ಹೊರಗೆ ಬಂದವನೇ ಅವರಿಗೆ ಫೋನ್ ಮಾಡಿ, ಅಕ್ಕಾ ನಂದು ತಪ್ಪಾತ್ರಿ ಎಂದೆ.

"ನನಗ ಯಾಕ ಹೇಳ್ತಿ? ನಾ ಅಂದದ್ದಕ್ಕ ನನಗ ಶಿಕ್ಷಾ ಆತು. ಆಜಿ ಕಡೆ ಹೋಗು," ಎಂದರು.

ಹೋದೆ. ಊರಲ್ಲಿ ಆಕೆಯ ಮನೆ ಹುಡುಕಲು ಕಷ್ಟವಾಗಲಿಲ್ಲ. 'ನಾಯಿ ಆಜಿ' ಎಂದರೆ ಎಲ್ಲರೂ ಕೈ ತೋರಿಸುತ್ತಾರೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಾನು ಯಾರೆಂದು ಹೇಳಿ, "ಆಜಿ, ಅವತ್ತ ನೀವು ಹಂಗ ಅಂದಿರಲಿಲ್ಲ. ನನಗ ಅವತ್ತ ಗೊತ್ತಿತ್ತು," ಎಂದೆ.

ಆಕೆ ಮರಾಠಿ ಬೆರೆತ ತನ್ನ ಅರೆ ಕನ್ನಡದಲ್ಲಿ ಹೇಳಿದಳು: "ನನಗೂ ಗೊತ್ತ ಹಾಯ. ನನಗ ಹೇಳಿ ಏನ್ ಉಪೇಗ? ಎಲ್ಲಾರಿಗೂ ಕೇಳೂವಂಗ ಓದಿದ್ದಿ. ಎಲ್ಲಾರಿಗೂ ಕೇಳೂವಂಗ ಹೇಳು."

ನನ್ನ ಹತ್ತಿರ ಈಗ ಮೈಕಿಲ್ಲ, ಓದುತ್ತಿರುವ ನೀವಿದ್ದೀರಿ. ಆದ್ದರಿಂದ ಹೇಳುತ್ತಿದ್ದೇನೆ. ಆಜಿ ಯಾರನ್ನೂ ನಾಯಿ ಎನ್ನಲಿಲ್ಲ. ಭಾಷಣ ಕೇಳಿರಲಿಲ್ಲ, ಅಷ್ಟೇ. ಪದ್ಮಕ್ಕ ಚೇಷ್ಟೆ ಮಾಡಿದರು, ಸುಳ್ಳು ಹೇಳಲಿಲ್ಲ. ಸುಳ್ಳು ಓದಿದವನು ನಾನು. ನಿಮಗೆ ನಿಪ್ಪಾಣಿ ಕಡೆಯವರು ಯಾರಾದರೂ ಪರಿಚಯವಿದ್ದರೆ, ದಯವಿಟ್ಟು ಅವರಿಗೂ ತಿಳಿಸಿ.